ಹತ್ತು ನಿಮಿಷದ ಸಂಜೆಗೆ ಒಂದೂವರೆ ಲಕ್ಷ

ಒಂದು ಲೆನ್ಸ್ ಚೆನ್ನಾಗಿದೆಯಾ ಅನ್ನೋದು ಒಂದು ಪ್ರಶ್ನೆ. ಅದನ್ನ ನಾನು ಕೊಳ್ಳಬೇಕಾ ಅನ್ನೋದು ಬೇರೆಯೇ ಪ್ರಶ್ನೆ. ಯೂಟ್ಯೂಬಿನ ರಿವ್ಯೂಗಳು ಮೊದಲನೆಯದಕ್ಕೆ ಉತ್ತರ ಕೊಟ್ಟು, ಎರಡನೆಯದಕ್ಕೂ ಕೊಟ್ಟೆವು ಅನ್ನೋ ಹಾಗೆ ಮುಖ ಮಾಡಿ, ಕೆಳಗೆ ಖರೀದಿಯ ಲಿಂಕ್ ಹಾಕಿ ಮುಗಿಸ್ತವೆ. ಇಟ್ಟಿಗೆ ಗೋಡೆಯ ಫೋಟೋ ತೆಗೆದು, ಅದರ ನಾಲ್ಕೂ ಮೂಲೆ ಹಿಗ್ಗಿಸಿ ತೋರಿಸುವ ಅವರ ಶ್ರಮದ ಬಗ್ಗೆ ನನಗೆ ತಕರಾರಿಲ್ಲ. ಆದರೆ ನನಗೆ ಇಟ್ಟಿಗೆ ಗೋಡೆ ಬೇಕಿಲ್ಲ. ನನಗೆ ಬೇಕಿರೋದು ನಮ್ಮ ಕಡೆಯ ಫೋಟೋ.

ನಮ್ಮ ಕಡೆ ಅಂದ್ರೆ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ. ಕಲಬುರಗಿ ಜಿಲ್ಲೆಯ ಪೂರ್ವದ ಅಂಚು. ಕೆಲಸ ಬೆಂಗಳೂರಲ್ಲಿ, ಹಬ್ಬಕ್ಕೆ, ಮದುವೆಗೆ, ಉದ್ದನೆಯ ವೀಕೆಂಡಿಗೆ ಊರು. ರಾತ್ರಿ ರೈಲು ಹತ್ತಿದರೆ ಬೆಳಿಗ್ಗೆ ವಾಡಿ. ನನ್ನ ಹತ್ತಿರ ಇರೋದು ಕ್ಯಾನನ್ನಿನ ಸಾಧಾರಣ ಕ್ರಾಪ್ ಸೆನ್ಸರ್ ಬಾಡಿ. ನಿಮ್ಮಲ್ಲಿ ಬಹಳ ಜನರ ಹತ್ತಿರ ಇರೋದೂ ಹೆಚ್ಚುಕಮ್ಮಿ ಅದೇ. ಮತ್ತು ನಿಮ್ಮಲ್ಲಿ ಬಹಳ ಜನರ ವಿಶ್‌ಲಿಸ್ಟಿನಲ್ಲಿ ಇರೋದೂ ಅದೇ ಬಿಳಿ ಕೊಳವೆ: ಕ್ಯಾನನ್ ಇಎಫ್ 70-200 ಎಂಎಂ ಎಫ್/2.8 ಎಲ್ ಐಎಸ್. ನಿಕಾನ್, ಸೋನಿ ಬಳಸುವವರು ಬ್ರ್ಯಾಂಡ್ ಬದಲಿಸಿ ಓದಿಕೊಳ್ಳಿ, ವಾದ ಬದಲಾಗಲ್ಲ. ಬೆಲೆ ಒಂದೂವರೆ ಲಕ್ಷದ ಆಸುಪಾಸು, ಅದರ ಮೇಲೆಯೇ ಜಾಸ್ತಿ. ನಾನು ಇದನ್ನ ಮೂರು ಸಲ ಬೆಂಗಳೂರಿನಿಂದ ಬಾಡಿಗೆಗೆ ತಂದು ಈ ಐದೂ ಊರುಗಳಲ್ಲಿ ಬಳಸಿದ್ದೇನೆ. ಅದರ ಮೇಲೆ ಈ ವಿಮರ್ಶೆ.

ಮೊದಲು ಲೆನ್ಸಿಗೆ ಸಲ್ಲಬೇಕಾದ ಗೌರವ ಸಲ್ಲಿಸಿಬಿಡೋಣ. ನಾನು ಬಳಸಿದ್ದು 2010ರಲ್ಲಿ ಬಂದ ಎರಡನೇ ಆವೃತ್ತಿ. 2018ರಲ್ಲಿ ಮೂರನೆಯದು ಬಂತು. ಗಾಜಿನ ಜೋಡಣೆ ಅದೇ, ಲೇಪನ ಹೊಸದು. ಒಳಗೆ 23 ಗಾಜು, ಅದರಲ್ಲೊಂದು ಫ್ಲೋರೈಟ್. ಫ್ಲೋರೈಟ್ ಬಿಸಿಗೆ ಬೇಗ ಹಿಗ್ಗುತ್ತೆ, ಅದಕ್ಕೇ ಮೈಗೆ ಬಿಳಿ ಬಣ್ಣ. ಕಲಬುರಗಿಯ ಬಿಸಿಲಿಗೆ ಹೊರಡುವವರು ತಲೆಗೆ ಬಿಳಿ ಟವೆಲ್ ಸುತ್ತಿಕೊಳ್ಳೋದು ಯಾಕೋ, ಇದೂ ಅದಕ್ಕೇ. ಎಫ್/2.8ರಲ್ಲೇ ಅಂಚಿನಿಂದ ಅಂಚಿಗೆ ಚೂಪು. ಫೋಕಸ್ ಸದ್ದಿಲ್ಲದೆ, ತಡವಿಲ್ಲದೆ ಹೋಗಿ ಕೂರುತ್ತೆ. ಝೂಮ್ ಮಾಡಿದರೆ ಕೊಳವೆ ಉದ್ದ ಆಗಲ್ಲ, ಎಲ್ಲ ಒಳಗೊಳಗೇ ನಡೆಯುತ್ತೆ. ಕೈಗೆ ತಗೊಂಡ ಕೂಡಲೇ ಇದು ಕೆಲಸದ ಸಾಮಾನು ಅಂತ ಗೊತ್ತಾಗುತ್ತೆ. 1490 ಗ್ರಾಂ ಇದೆ ಅನ್ನೋದು ಸಂಜೆ ಹೊತ್ತಿಗೆ ಗೊತ್ತಾಗುತ್ತೆ.

ಚೆನ್ನಾಗಿದೆಯಾ? ಬಹಳ ಚೆನ್ನಾಗಿದೆ. ಮೊದಲನೇ ಪ್ರಶ್ನೆ ಇಲ್ಲಿಗೆ ಮುಗೀತು.

ಎರಡನೆಯದಕ್ಕೆ ಬರೋಣ. ಒಂದೂವರೆ ಲಕ್ಷ ಕೊಟ್ಟಾಗ ಅಂಗಡಿಯವರು ನಮಗೆ ಮಾರೋದು ಮೂರು ವಸ್ತು: ಬೆಳಕು, ದೂರ, ಮಸುಕು. ಹೆಚ್ಚು ಬೆಳಕು ಒಳಗೆ ಬಿಡುತ್ತೆ. ದೂರದ್ದನ್ನ ಹತ್ತಿರ ತರುತ್ತೆ. ಹಿನ್ನೆಲೆಯನ್ನ ಬೆಣ್ಣೆ ಮಾಡುತ್ತೆ. ಈ ಮೂರರಲ್ಲಿ ಯಾವುದು ನಮಗೆ ಕಮ್ಮಿ ಬಿದ್ದಿದೆ, ಯಾವುದಕ್ಕೆ ದುಡ್ಡು ಕೊಡಬೇಕು? ಒಂದೊಂದಾಗಿ ನೋಡೋಣ.

ಬೆಳಕಿನಿಂದ ಶುರು ಮಾಡೋಣ, ಬಿಸಿಲುನಾಡಿನವರು ನಾವು.

ಫಿಲ್ಮ್ ಕಾಲದ ಒಂದು ಹಳೇ ಲೆಕ್ಕ ಇದೆ: ಪೂರ್ತಿ ಬಿಸಿಲಿದ್ದರೆ ಅಪರ್ಚರ್ ಎಫ್/16, ಶಟರ್ ವೇಗ ಐಎಸ್‌ಒ ಸಂಖ್ಯೆಯಷ್ಟು. ಐಎಸ್‌ಒ 400 ಅಂದ್ರೆ ಸೆಕೆಂಡಿನ 400ನೇ ಒಂದು ಭಾಗ. ಇದನ್ನ ಎಫ್/5.6ಕ್ಕೆ ತಂದರೆ ಮೂರು ಸ್ಟಾಪ್ ಬೆಳಕು ಹೆಚ್ಚು, ಅಂದ್ರೆ ಎಂಟು ಪಟ್ಟು; ಶಟರ್ 3200ನೇ ಒಂದು ಭಾಗ. ವಾಡಿ ಜಂಕ್ಷನ್ನಿನ ಆಚೆ ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಹೋಗೋ ಎಕ್ಸ್‌ಪ್ರೆಸ್ ಗಾಡಿ ಅಷ್ಟು ಹೊತ್ತಿನಲ್ಲಿ ಒಂದು ಸೆಂಟಿಮೀಟರ್ ಕೂಡ ಮುಂದೆ ಹೋಗಿರಲ್ಲ. ಎಫ್/5.6 ಅಂದ್ರೆ ಹದಿನೈದು–ಇಪ್ಪತ್ತು ಸಾವಿರಕ್ಕೆ ಸಿಗೋ 55-250ರ ಅಪರ್ಚರ್. 375 ಗ್ರಾಂ ತೂಕ, ಪ್ಲಾಸ್ಟಿಕ್ ಮೈ. ಬೆಳಿಗ್ಗೆ ಎಂಟರಿಂದ ಸಂಜೆ ಐದರ ತನಕ ವಾಡಿಯಲ್ಲಿ ಈ ಲೆನ್ಸಿಗೆ ಬೆಳಕಿನ ಕೊರತೆ ಇಲ್ಲ. ಆ ಹೊತ್ತಲ್ಲಿ ಎಫ್/2.8ಕ್ಕೆ ದುಡ್ಡು ಕೊಡೋದು ಅಂದ್ರೆ ಹೊಳೆ ಪಕ್ಕ ಕೂತು ಬಾಟಲ್ ನೀರು ಕೊಂಡ ಹಾಗೆ.

ವಾಡಿಯ ಬಗ್ಗೆ ಎರಡು ಮಾತು ಹೇಳಲೇಬೇಕು. ಮುಂಬೈ–ಚೆನ್ನೈ ಮಾರ್ಗಕ್ಕೆ ನಿಜಾಮರ ಸಿಕಂದರಾಬಾದ್ ಲೈನ್ ಬಂದು ಸೇರಿದ್ದು 1874ರಲ್ಲಿ, ಇಲ್ಲೇ. ಇವತ್ತಿಗೂ ಚಿತ್ತಾಪುರ, ಮಳಖೇಡ ರೋಡ್, ಸೇಡಂ ಎಲ್ಲ ಆ ಲೈನಿನ ಮೇಲೆಯೇ ಸಾಲಾಗಿ ಬರ್ತವೆ. ರೈಲು ಫೋಟೋ ತೆಗೆಯುವವರಿಗೆ ಹಬ್ಬ: ಗೂಡ್ಸ್ ಸಾಲು, ಕವಲೊಡೆಯೋ ಹಳಿ, ಹಿಂದೆ ಸಿಮೆಂಟ್ ಫ್ಯಾಕ್ಟರಿಯ ಚಿಮಣಿ. ಅಲ್ಲಿ ಈ ಬಿಳಿ ಲೆನ್ಸಿನ ನಿಜವಾದ ಗುಣ ಕಂಡಿದ್ದು ಎಫ್/2.8ರಲ್ಲಲ್ಲ, ಧೂಳಿನಲ್ಲಿ. ಅಗ್ಗದ ಝೂಮುಗಳು ಉದ್ದ ಆಗ್ತಾ, ಗಿಡ್ಡ ಆಗ್ತಾ ಪಿಚಕಾರಿಯ ಹಾಗೆ ಹೊರಗಿನ ಗಾಳಿ ಎಳ್ಕೊಳ್ತವೆ. ಗಾಳಿಯ ಜೊತೆಗೆ ಬೂದಿ ಬಣ್ಣದ ನುಣ್ಣನೆ ಪುಡಿಯೂ ಒಳಗೆ ಹೋಗುತ್ತೆ. ಇದರಲ್ಲಿ ಆ ಉಸಿರಾಟವೇ ಇಲ್ಲ, ಮೌಂಟಿನ ಸುತ್ತ ರಬ್ಬರ್ ಪಟ್ಟಿಯೂ ಇದೆ. ನಮ್ಮ ಕಡೆ ಓಡಾಡುವವರಿಗೆ ಇದು ನಿಜವಾದ ಉಪಯೋಗ, ಒಪ್ಪಲೇಬೇಕು. ಆದರೆ ಅದಕ್ಕೆ ಎಫ್/2.8 ಬೇಕಿಲ್ಲ. ಇದೇ ಕಂಪನಿಯ 70-200 ಎಫ್/4 ಐಎಸ್ ಕೂಡ ಉದ್ದ ಆಗಲ್ಲ, ಧೂಳಿಗೆ ಬಾಗಿಲು ತೆಗೆಯಲ್ಲ. ತೂಕ ಅರ್ಧ, ಬೆಲೆಯೂ ಅರ್ಧದ ಆಸುಪಾಸು.

ಇನ್ನೊಂದು ಮಾತು, ಇದನ್ನ ಯಾವ ರಿವ್ಯೂನಲ್ಲೂ ನಾನು ನೋಡಿಲ್ಲ. ಏಪ್ರಿಲ್–ಮೇ ಮಧ್ಯಾಹ್ನ ಹಳಿಯ ಮೇಲೆ ದೂರ ನೋಡಿ: ನೆಲ ಕುದೀತಾ ಇರುತ್ತೆ. ಬಿಸಿ ನೆಲದ ಮೇಲಿನ ಗಾಳಿ ಪದರ ಪದರವಾಗಿ ಏಳ್ತಾ, ಬೆಳಕನ್ನ ಅತ್ತಿತ್ತ ಬಗ್ಗಿಸ್ತಾ ಇರುತ್ತೆ. ಅರ್ಧ ಕಿಲೋಮೀಟರ್ ದೂರದ ಇಂಜಿನ್ ನೀರಿನಲ್ಲಿ ಮುಳುಗಿದ ಹಾಗೆ ಕಾಣುತ್ತೆ. ಟೆಲಿ ಲೆನ್ಸ್ ಇಂಜಿನ್ನಿನ ಜೊತೆಗೆ ಆ ನಡುಕವನ್ನೂ ದೊಡ್ಡದು ಮಾಡುತ್ತೆ. ಆಗ ಹದಿನೈದು ಸಾವಿರದ ಲೆನ್ಸ್, ಒಂದೂವರೆ ಲಕ್ಷದ ಲೆನ್ಸ್ ಎರಡರ ಫೋಟೋವೂ ಒಂದೇ. ಗಾಳಿಗೆ ಎಲ್ ಸೀರೀಸ್ ಇಲ್ಲ.

ಹಾಗಾದ್ರೆ ಎಫ್/2.8ರ ಬೆಳಕು ಬೇಕಾಗೋದು ಯಾವಾಗ? ಸೂರ್ಯ ಮುಳುಗಿದ ಮೇಲೆ. ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ. ಎಫ್/5.6ರಿಂದ ಎಫ್/2.8ಕ್ಕೆ ಎರಡು ಸ್ಟಾಪ್, ನಾಲ್ಕು ಪಟ್ಟು ಬೆಳಕು. ಕೇಳೋಕೆ ಬಹಳ ಅನ್ಸುತ್ತೆ. ಆದರೆ ಸೇಡಂ ಇರೋದು 17 ಡಿಗ್ರಿ ಅಕ್ಷಾಂಶದಲ್ಲಿ. ಯುರೋಪಿನ ಹಾಗೆ ಇಲ್ಲಿ ಸಂಜೆ ಗಂಟೆಗಟ್ಟಲೆ ಕಾಲು ಚಾಚಿ ಕೂರಲ್ಲ. ಸೂರ್ಯ ಮುಳುಗಿ ಇಪ್ಪತ್ತೆರಡು–ಇಪ್ಪತ್ಮೂರು ನಿಮಿಷಕ್ಕೆ ಬೆಳಕು ನೂರರಲ್ಲಿ ಒಂದು ಪಾಲಿಗೆ ಇಳಿದಿರುತ್ತೆ. ಅಂದ್ರೆ ಆರೇಳು ಸ್ಟಾಪ್. ಒಂದು ಸ್ಟಾಪಿಗೆ ಮೂರ್ನಾಲ್ಕು ನಿಮಿಷ. ಎರಡು ಸ್ಟಾಪ್ ಅಂದ್ರೆ ಏಳೆಂಟು ನಿಮಿಷ. ಧಾರಾಳವಾಗಿ ಹತ್ತು ಅಂತಿಟ್ಟುಕೊಳ್ಳಿ.

ಅಗ್ಗದ ಲೆನ್ಸಿನವನು ಕ್ಯಾಮೆರಾ ಬ್ಯಾಗಿಗೆ ಹಾಕಿದ ಮೇಲೆ ದುಬಾರಿ ಲೆನ್ಸಿನವನಿಗೆ ಸಿಗೋದು ಇಷ್ಟೇ. ದಿನಕ್ಕೆ ಹತ್ತು ನಿಮಿಷದ ಸಂಜೆ, ಬೆಳಗಿನ ಜಾವ ಇನ್ನೊಂದು ಹತ್ತು. ಒಂದು ಲಕ್ಷದ ಮೂವತ್ತು ಸಾವಿರ ಹೆಚ್ಚಿಗೆ ಕೊಡೋದು ಈ ಹತ್ತು ನಿಮಿಷಕ್ಕೆ. ನಾನೇನೂ ತಮಾಷೆ ಮಾಡ್ತಿಲ್ಲ. ಹತ್ತು ನಿಮಿಷ ಸಣ್ಣದಲ್ಲ. ಕೆಲವು ಫೋಟೋ ಇರೋದೇ ಆ ಹತ್ತು ನಿಮಿಷದಲ್ಲಿ. ಪ್ರಶ್ನೆ ಇಷ್ಟೇ: ನಿಮ್ಮ ಫೋಟೋ ಅಲ್ಲಿದೆಯಾ?

ಇರಬಹುದಾದ ಒಂದು ಜಾಗ ಚಿಂಚೋಳಿ. 2011ರಲ್ಲಿ ವನ್ಯಜೀವಿ ಧಾಮ ಅಂತ ಘೋಷಣೆಯಾದ ಕಾಡು, 134.88 ಚದರ ಕಿಲೋಮೀಟರ್. ಬಿಸಿಲು, ಜಾಲಿ, ಕಪ್ಪು ಹೊಲ ನೋಡಿ ನೋಡಿ ಬಂದವನಿಗೆ ಚಂದ್ರಂಪಳ್ಳಿ ಡ್ಯಾಮಿನ ನೀರು, ಅದರ ಸುತ್ತಲಿನ ಹಸಿರು ಗುಡ್ಡ ಕಂಡಾಗ ಇದೂ ಕಲಬುರಗಿ ಜಿಲ್ಲೆನಾ ಅನ್ನಿಸುತ್ತೆ. ಇಲ್ಲಿ ತೋಳ ಇದೆ, ಕತ್ತೆಕಿರುಬ ಇದೆ, ನರಿ ಇದೆ. ಇವ್ಯಾವೂ ಮಧ್ಯಾಹ್ನ ಬಂದು ಪೋಸ್ ಕೊಡಲ್ಲ. ಮಂದ ಬೆಳಕಲ್ಲೇ ಹೊರಡ್ತವೆ, ದೂರವೇ ಇರ್ತವೆ. ಬೆಳಕು ಬೇಕು, ದೂರವೂ ಬೇಕು. ಈ ಲೆನ್ಸ್ ಹುಟ್ಟಿದ್ದೇ ಇದಕ್ಕೆ ಅನ್ಸುತ್ತಲ್ವಾ?

ಇಲ್ಲೇ ಅದು ಕೈ ಕೊಡೋದು. ಕ್ರಾಪ್ ಬಾಡಿಯಲ್ಲಿ 200 ಎಂಎಂ ಹಾಕಿ ನೂರು ಮೀಟರ್ ದೂರ ನೋಡಿದರೆ ಫ್ರೇಮಿನಲ್ಲಿ ಹಿಡಿಸೋದು ಸುಮಾರು ಹನ್ನೊಂದು ಮೀಟರ್ ಅಗಲ. ಒಂದು ಮೀಟರ್ ಉದ್ದದ ತೋಳ ಅದರಲ್ಲಿ ಹನ್ನೊಂದನೇ ಒಂದು ಪಾಲು. ಕತ್ತರಿಸಿ ದೊಡ್ಡದು ಮಾಡಿದರೆ ತೋಳ ಅಂತ ನೀವೇ ಹೇಳಬೇಕು. ಸರಿ, ಎರಡು ಪಟ್ಟಿನ ಎಕ್ಸ್‌ಟೆಂಡರ್ ಹಾಕೋಣ: 400 ಎಂಎಂ ಆಯ್ತು, ಆದರೆ ಎರಡು ಸ್ಟಾಪ್ ಬೆಳಕು ಹೋಯ್ತು. ಈಗ ನಿಮ್ಮ ಕೈಯಲ್ಲಿರೋದು ಎಫ್/5.6 ಲೆನ್ಸ್. ಹತ್ತು ನಿಮಿಷವನ್ನ ವಾಪಸ್ ಕೊಟ್ಟು ದೂರ ಕೊಂಡ ಹಾಗಾಯ್ತು. ಎಫ್/5.6ಕ್ಕೆ ನಿಕಾನಿನವರಿಗೆ 2015ರಿಂದ 200-500 ಇದೆ, ಲಕ್ಷದ ಆಸುಪಾಸಿಗೆ, ಎಕ್ಸ್‌ಟೆಂಡರ್ ಇಲ್ಲದೆಯೇ ಇನ್ನೂ ನೂರು ಎಂಎಂ ಜಾಸ್ತಿ. ಬೆಳಕು, ದೂರ ಎರಡೂ ಒಟ್ಟಿಗೆ ಬೇಕು ಅಂದ್ರೆ 400 ಎಂಎಂ ಎಫ್/2.8 ಬೇಕು, ಅದರ ಬೆಲೆಗೆ ಸೇಡಂನಲ್ಲಿ ಕಾರು ಕೊಂಡು ಚಿಂಚೋಳಿಗೆ ದಿನಾ ಹೋಗಿ ಬರಬಹುದು. ಹೋಗಿ ಬರೋದೇ ಒಳ್ಳೇದು, ಯಾಕಂದ್ರೆ ಪ್ರಾಣಿಗಳ ಫೋಟೋದಲ್ಲಿ ಲೆನ್ಸಿಗಿಂತ ಮೊದಲು ಬೇಕಾಗೋದು ಅಲ್ಲಿ ಕಳೆದ ದಿನಗಳು. ವರ್ಷಕ್ಕೆ ಎರಡು ಸಲ ವೀಕೆಂಡಿಗೆ ಬರೋ ನಮಗೆ ಅದು ಎಲ್ಲಿಂದ ಬರಬೇಕು?

ಇನ್ನು ಕತ್ತಲ ಕೋಣೆಗಳು. ಚಿತ್ತಾಪುರದ ಪಕ್ಕ ನಾಗಾವಿ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಇಲ್ಲಿ ಘಟಿಕಾಸ್ಥಾನ ಇತ್ತು. ಇವತ್ತಿನ ಭಾಷೆಯಲ್ಲಿ ರೆಸಿಡೆನ್ಷಿಯಲ್ ಕಾಲೇಜು ಅನ್ನಿ. ಹನ್ನೊಂದನೇ ಶತಮಾನದ ಶಾಸನದಲ್ಲಿ ಗ್ರಂಥಭಂಡಾರ ನೋಡಿಕೊಳ್ಳುವವರ ಪ್ರಸ್ತಾಪವೂ ಇದೆ. ಅರವತ್ತು ಕಂಬದ ಗುಡಿಯೊಳಗೆ ಹೊರಗಿನ ಬಿಸಿಲು ಕಂಬದಿಂದ ಕಂಬಕ್ಕೆ ಸೋರಿ ಸೋರಿ, ಒಳಗೆ ಬರೋ ಹೊತ್ತಿಗೆ ತಣ್ಣಗಾಗಿರುತ್ತೆ. ಕತ್ತಲು ಅಂದ ಕೂಡಲೇ ಎಫ್/2.8 ನೆನಪಾಗುತ್ತೆ. ಆದರೆ ಕಂಬ ಓಡಿ ಹೋಗಲ್ಲ. ಸಾವಿರ ವರ್ಷ ನಿಂತಿದ್ದು ಇನ್ನೆರಡು ಸೆಕೆಂಡ್ ನಿಲ್ಲುತ್ತೆ. ಮೂರು ಸಾವಿರದ ಟ್ರೈಪಾಡ್ ಮೇಲೆ ಕಿಟ್ ಲೆನ್ಸ್ ಇಟ್ಟು ಎಫ್/8, ಎರಡು ಸೆಕೆಂಡ್. ಸಾಲುಗಂಬ ಮುಂದಿನಿಂದ ಹಿಂದಿನ ತನಕ ಚೂಪು. ಅದನ್ನೇ ಎಫ್/2.8ರಲ್ಲಿ ತೆಗೆದರೆ ಒಂದು ಕಂಬ ಚೂಪು, ಐವತ್ತೊಂಬತ್ತು ಮಸುಕು. ಕೇಂದ್ರ ಪುರಾತತ್ವ ಇಲಾಖೆಯ ಸ್ಮಾರಕ ಆದ್ರೆ ಟ್ರೈಪಾಡಿಗೆ ಮೊದಲೇ ಅನುಮತಿ ಬೇಕು, ಅದು ನೆನಪಿರಲಿ. ಅನುಮತಿ ಇಲ್ಲದಿದ್ರೆ ಗೋಡೆಗೆ ಒರಗಿ, ಉಸಿರು ಹಿಡಿದು, ಐಎಸ್‌ಒ ಏರಿಸಿ. ಈಗಿನ ಬಾಡಿಗಳು ಐಎಸ್‌ಒ 3200 ಆರಾಮಾಗಿ ತಡ್ಕೊಳ್ತವೆ.

ಅದೇ ತಾಲ್ಲೂಕಿನಲ್ಲಿ, ಭೀಮಾ ದಂಡೆಯ ಸನ್ನತಿ–ಕನಗನಹಳ್ಳಿಯಲ್ಲಿ, ಅಶೋಕನ ಶಿಲ್ಪ ಇದೆ. ಪಕ್ಕದಲ್ಲೇ ಬ್ರಾಹ್ಮಿ ಲಿಪಿಯಲ್ಲಿ ಅವನ ಹೆಸರು. ತೆಳುವಾಗಿ ಕೆತ್ತಿದ ಉಬ್ಬುಶಿಲ್ಪ, ತೆಳುವಾಗಿ ಕೊರೆದ ಅಕ್ಷರ. ನಡುಮಧ್ಯಾಹ್ನ ಹೋದ್ರೆ ಎಂಥ ಲೆನ್ಸಿಗೂ ಅದು ಚಪ್ಪಟೆ ಕಲ್ಲು. ಇಂಥ ಕೆತ್ತನೆ ಎದ್ದು ಬರೋದು ಬೆಳಕು ಓರೆಯಾಗಿ, ಕಲ್ಲಿನ ಮೈ ಸವರಿಕೊಂಡು ಹೋಗುವಾಗ. ಅದಕ್ಕೆ ಬೇಕಾಗೋದು ಬೆಳಿಗ್ಗೆ ಬೇಗ ಏಳೋದು. ಅದು ಯಾವ ಅಂಗಡಿಯಲ್ಲೂ ಇಎಂಐಗೆ ಸಿಗಲ್ಲ.

ಎರಡನೇ ವಸ್ತು, ದೂರ. ಚಿಂಚೋಳಿಯಲ್ಲಿ ದೂರ ಬೇಕು ಅಂತ ಹೇಳಿದೆ. ಎಲ್ಲಿ ಬೇಡ ಅಂತ ಹೇಳೋದು ಅದಕ್ಕಿಂತ ಮುಖ್ಯ.

ಶಹಾಬಾದ್ ಅಂದ ಕೂಡಲೇ ನಿಮ್ಮ ಕಾಲಿಗೆ ನೆನಪಾಗುತ್ತೆ, ತಣ್ಣನೆ ಕಲ್ಲಿನ ನೆಲ. ದೇಶದ ಎಷ್ಟೋ ರೈಲ್ವೆ ಪ್ಲಾಟ್‌ಫಾರ್ಮ್, ಶಾಲೆಯ ವರಾಂಡ, ಅಜ್ಜಿಮನೆಯ ಪಡಸಾಲೆ ಎಲ್ಲಕ್ಕೂ ಹಾಸಿರೋದು ಇಲ್ಲಿನ ಸುಣ್ಣದ ಕಲ್ಲಿನ ಪದರ. ಕ್ವಾರಿಯಲ್ಲಿ ಪದರ ಬಿಡಿಸ್ತಾರೆ, ಮಷೀನಿನಲ್ಲಿ ಅಂಚು ಕೊಯ್ತಾರೆ, ಪುಸ್ತಕ ಜೋಡಿಸಿದ ಹಾಗೆ ಸಾಲಾಗಿ ನಿಲ್ಲಿಸ್ತಾರೆ. ಕೆಲಸ ಮಾಡುವವರ ಹುಬ್ಬು, ರೆಪ್ಪೆ ಎಲ್ಲ ಬಿಳಿ ಪುಡಿ. ಫೋಟೋಗ್ರಾಫರ್ ಕಣ್ಣಿಗೆ ಇದು ಬಿಡಲಾರದ ದೃಶ್ಯ ಅಂತ ನನಗೂ ಗೊತ್ತು.

ಈ ಲೆನ್ಸ್ ಇದ್ದರೆ ಏನಾಗುತ್ತೆ ಗೊತ್ತಾ? ರಸ್ತೆ ಬದಿ ಗಾಡಿ ನಿಲ್ಲಿಸಿ, ಕಿಟಕಿ ಇಳಿಸಿ, ಅಲ್ಲಿಂದಲೇ ಮುಖ ತುಂಬಿಸಬಹುದು. ಇಳಿಯೋದೇ ಬೇಡ, ಕೇಳೋದೇ ಬೇಡ. ಇಂಥ ಫೋಟೋಗಳನ್ನ ನಾವು ದಿನಾ ನೋಡ್ತೀವಿ: ಸುಕ್ಕುಗಟ್ಟಿದ ಮುಖ, ಚೂಪಾದ ಕಣ್ಣು, ಹಿಂದೆ ಬೆಣ್ಣೆ. ಕೆಳಗೆ 'ಜೀವನ' ಅಂತ ಒಂದು ಪದ. ತೋಳದ ಫೋಟೋ ತೆಗೆಯೋ ರೀತಿಯಲ್ಲೇ ಮನುಷ್ಯರ ಫೋಟೋ ತೆಗೆದಿರ್ತೀವಿ. ತೋಳಕ್ಕೆ ನಾವು ಹತ್ತಿರ ಹೋದ್ರೆ ತೊಂದರೆ, ಅದಕ್ಕೇ ದೂರ. ಮನುಷ್ಯರಿಗೆ?

ಇನ್ನೊಂದು ಅಳತೆಯನ್ನೂ ಇಲ್ಲೇ ಇಟ್ಟುಬಿಡ್ತೀನಿ. 2019–20ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 249 ರೂಪಾಯಿ. ಒಂದೂವರೆ ಲಕ್ಷಕ್ಕೆ 602 ದಿನ. ಆಗ ಯೋಜನೆ ಒಂದು ಮನೆಗೆ ಖಾತ್ರಿ ಕೊಡ್ತಿದ್ದದ್ದು ವರ್ಷಕ್ಕೆ ನೂರು ದಿನ, ಅಂದ್ರೆ ಆರು ವರ್ಷ. ಇದನ್ನ ಹೇಳ್ತಿರೋದು ನಿಮ್ಮನ್ನ ನಾಚಿಸೋಕಲ್ಲ. ನಿಮ್ಮ ಸಂಬಳ ನಿಮ್ಮ ದುಡಿಮೆ. ಆದರೆ ಕ್ವಾರಿಯ ಮುಂದೆ ಆ ಬಿಳಿ ಕೊಳವೆ ಎತ್ತಿದಾಗ ಎದುರಿನವರು ನೋಡೋದು ನಿಮ್ಮನ್ನಲ್ಲ, ಅದನ್ನ. ಪೇಪರಿನವರಾ, ಸರ್ವೆಯವರಾ, ಕೇಸು ಹಾಕೋಕೆ ಬಂದವರಾ ಅಂತ ಕೈ ನಿಂತುಹೋಗುತ್ತೆ. "ಎದಕ್ಕ ತೆಗಿಲತ್ತೀರಿ ಸಾಹೇಬ್ರ?" ಅಂತ ಕೇಳ್ತಾರೆ. ನಾನು ಸೇಡಂನವನೇ ಅಂತ ಹೇಳಿದ ಮೇಲೂ ಆ 'ಸಾಹೇಬ್ರ' ಹೋಗೋಕೆ ಬಹಳ ಹೊತ್ತು ಹಿಡೀತು.

50 ಎಂಎಂ ಎಫ್/1.8 ಹಾಕಿದ್ದ ದಿನದ ಕಥೆ ಬೇರೆ. ಎಂಟೊಂಬತ್ತು ಸಾವಿರದ ಲೆನ್ಸ್, 160 ಗ್ರಾಂ, ಅಂಗೈಯಲ್ಲಿ ಮುಚ್ಚಿಹೋಗುತ್ತೆ. ಅದರಲ್ಲಿ ಮುಖ ಬೇಕಾದ್ರೆ ಒಂದೂವರೆ ಮೀಟರಿಗೆ ಹೋಗಲೇಬೇಕು. ಒಂದೂವರೆ ಮೀಟರಿನಲ್ಲಿ ಮಾತಾಡದೆ ಇರೋಕಾಗಲ್ಲ. ಮಾತಾಡಿದ್ರೆ ಹೆಸರು ಗೊತ್ತಾಗುತ್ತೆ, ಚಹಾ ಬರುತ್ತೆ, "ನಂದೊಂದು ಛಂದ ತೆಗದು ವಾಟ್ಸಾಪ್ ಮಾಡ್ರಿ, ಮನ್ಯಾಗ ತೋರಸ್ತೀನಿ" ಅಂತ ನಂಬರ್ ಬರುತ್ತೆ. ಲೆನ್ಸಿಗೆ ಝೂಮ್ ಇಲ್ಲ ಅನ್ನೋದು ಕೊರತೆ ಅಂತ ಬರೀತಾರೆ. ಶಹಾಬಾದಿನಲ್ಲಿ ಅದೇ ಅದರ ದೊಡ್ಡ ಗುಣ. ಹತ್ತಿರ ಹೋಗೋಕೆ ಅದು ನಮ್ಮನ್ನ ಒತ್ತಾಯ ಮಾಡುತ್ತೆ. ಅಂದ ಹಾಗೆ ಎಫ್/1.8 ಅಂದ್ರೆ ಎಫ್/2.8ಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಬೆಳಕು. ಹತ್ತು ನಿಮಿಷದ ಸಂಜೆ ಇದರಲ್ಲಿ ಇನ್ನೂ ನಾಲ್ಕು ನಿಮಿಷ ಉದ್ದ.

ಮೂರನೇ ವಸ್ತು, ಮಸುಕು. ಬೊಕೆ ಅಂತ ಮುದ್ದಿನಿಂದ ಕರೀತಾರೆ. ಈ ಲೆನ್ಸ್ ಕೊಳ್ಳುವವರಲ್ಲಿ ಅರ್ಧಕ್ಕರ್ಧ ಜನ ಕೊಳ್ಳೋದು ಇದಕ್ಕೇ ಅಂತ ನನ್ನ ಅನುಮಾನ. 200 ಎಂಎಂ, ಎಫ್/2.8, ಐದು ಮೀಟರ್ ದೂರದಲ್ಲಿ ಒಂದು ಮುಖ: ಫುಲ್‌ಫ್ರೇಮಿನಲ್ಲಿ ಫೋಕಸ್ ಇರೋ ಆಳ ಸುಮಾರು ಹತ್ತು ಸೆಂಟಿಮೀಟರ್. ಮೂಗಿನಿಂದ ಕಿವಿಯ ತನಕ, ಅಷ್ಟೇ. ಉಳಿದ ಪ್ರಪಂಚ ಕರಗಿಹೋಗುತ್ತೆ. ನೋಡೋಕೆ ಚಂದ, ಸುಳ್ಳು ಹೇಳಲ್ಲ.

ಆದರೆ ಮಳಖೇಡದಲ್ಲಿ ನಿಂತು ಇದನ್ನ ಯೋಚಿಸಿ. ಸೇಡಂ ತಾಲ್ಲೂಕಿನ ಕಾಗಿಣಾ ದಂಡೆಯ ಊರು. ರಾಷ್ಟ್ರಕೂಟರ ಮಾನ್ಯಖೇಟ, ಅಮೋಘವರ್ಷ ನೃಪತುಂಗನ ರಾಜಧಾನಿ, ಕವಿರಾಜಮಾರ್ಗ ಹುಟ್ಟಿದ ಆಸ್ಥಾನ. ಇವತ್ತು ಅಲ್ಲಿ ಕೋಟೆಯ ಗೋಡೆ, ಒಳಗೆ ಮನೆಗಳು, ನೇಮಿನಾಥ ಬಸದಿ, ತೊಗರಿ ಹೊಲ, ದೂರದಲ್ಲಿ ಸಿಮೆಂಟ್ ಫ್ಯಾಕ್ಟರಿ. ಹೊಸ ಕಾಲ ಹಳೇ ಕಾಲದ ಹೆಗಲಿಗೆ ಹೆಗಲು ತಾಗಿಸಿ ನಿಂತಿರೋದೇ ಆ ಊರಿನ ಮುಖ. ಅಲ್ಲಿ ಒಬ್ಬ ಹುಡುಗನನ್ನ ನಿಲ್ಲಿಸಿ 200 ಎಂಎಂ ಎಫ್/2.8ರಲ್ಲಿ ತೆಗೆದೆ. ಫೋಟೋ ಬಹಳ ಚೆನ್ನಾಗಿ ಬಂತು. ಅದನ್ನ ಕಬ್ಬನ್ ಪಾರ್ಕಿನಲ್ಲಿ ತೆಗೆದದ್ದು ಅಂದ್ರೂ ಯಾರೂ ಅನುಮಾನ ಪಡಲ್ಲ. ಹಿಂದೆ ಇರೋದು ಹಸಿರು–ಕಂದು ಬೆಣ್ಣೆ. ಕೋಟೆ ಇಲ್ಲ, ಕಾಗಿಣಾ ಇಲ್ಲ, ಚಿಮಣಿ ಇಲ್ಲ.

ಈ ಲೆನ್ಸಿನ ಮೇಲೆ ನನ್ನ ನಿಜವಾದ ಆಕ್ಷೇಪ ಇದು. ಬೆಲೆ, ತೂಕ ಎಲ್ಲ ಆಮೇಲೆ. ಇದು ಎಲ್ಲ ಊರನ್ನೂ ಒಂದೇ ಊರು ಮಾಡುತ್ತೆ. ಮಾಡೆಲಿಂಗ್ ಫೋಟೋಗೆ ಅದೇ ಬೇಕು. ಹಿಂದಿನ ಕಸದ ತೊಟ್ಟಿ ಕಾಣಬಾರದು, ಸರಿ. ಆದರೆ ಹತ್ತು–ಹನ್ನೆರಡು ತಾಸು ಪ್ರಯಾಣ ಮಾಡಿ ಊರಿಗೆ ಹೋಗಿ, ಊರನ್ನೇ ಅಳಿಸೋಕೆ ಒಂದೂವರೆ ಲಕ್ಷ ಕೊಡೋದು ಎಂಥ ವ್ಯಾಪಾರ? ನಮ್ಮ ಕಡೆಯ ಊರುಗಳ ಒಳ್ಳೇ ಫೋಟೋಗಳೇ ಕಮ್ಮಿ. ಗೂಗಲ್ಲಿನಲ್ಲಿ ಹಂಪಿ ಅಂತ ಹುಡುಕಿ, ಮಳಖೇಡ ಅಂತ ಹುಡುಕಿ, ವ್ಯತ್ಯಾಸ ನೀವೇ ನೋಡಿ. ಬಸದಿ, ಕೋಟೆ, ಕ್ವಾರಿ, ಜಂಕ್ಷನ್ ಇವೆಲ್ಲ ಈಗ ಹೇಗಿವೆ ಅಂತ ಹಿನ್ನೆಲೆ ಸಮೇತ ಹಿಡಿದಿಡುವವರು ಬೇಕು. ಅದಕ್ಕೆ ಬೇಕಾಗೋದು ಅಗಲ ನೋಡೋ ಲೆನ್ಸ್. 10-18 ಎಂಎಂ, 240 ಗ್ರಾಂ, ಬೆಲೆ ಈ ಬಿಳಿ ಲೆನ್ಸಿನ ಎಂಟನೇ ಒಂದು ಭಾಗದಷ್ಟು.

ಹಾಗಂತ ಯಾರೂ ಇದನ್ನ ಕೊಳ್ಳಬಾರದು ಅಂತಲ್ಲ. ಸೇಡಂನಲ್ಲಿ ನನಗೆ ಗೊತ್ತಿರೋ ಒಬ್ಬ ಮದುವೆ ಫೋಟೋಗ್ರಾಫರ್ ಇದನ್ನೇ ಬಳಸ್ತಾರೆ. ಯಾಕೆ ಅಂತ ಕೇಳಿದೆ. "ಸ್ಟೇಜಿನ ಮುಂದ ವಿಡಿಯೋದವ್ರು, ಬೀಗರು, ಹುಡುಗರು ಎಲ್ಲಾ ಗೋಡಿ ಕಟ್ಟಿದಂಗ ನಿಂತಿರ್ತಾರ್ರೀ. ನಾ ಹಿಂದ ಕುರ್ಚಿ ಮ್ಯಾಲ ನಿಂತು ಅಕ್ಷತಿ ಬೀಳೂದು ಹೊಡೀಬೇಕು. ಅಕ್ಷತಿ ಎರಡನೇ ಸಲ ಬೀಳಂಗಿಲ್ಲ." ಒಂದೇ ಮಾತಿನಲ್ಲಿ ಈ ಲೆನ್ಸಿನ ಪೂರ್ತಿ ವಿಮರ್ಶೆ ಇದೆ. ಮಂದ ಬೆಳಕು, ಹತ್ತಿರ ಹೋಗೋಕಾಗದ ದೂರ, ಮತ್ತೆ ಬಾರದ ಕ್ಷಣ ಮೂರೂ ಒಟ್ಟಿಗೆ ಬಂದಾಗ ಮಾತ್ರ ಇದಕ್ಕೆ ಸಮ ಇನ್ನೊಂದಿಲ್ಲ. ಅವರಿಗೆ ಅದು ವಾರಕ್ಕೆ ಮೂರು ಸಲ ಬರುತ್ತೆ. ಸೀಸನ್ನಿನಲ್ಲಿ ಲೆನ್ಸೇ ತನ್ನ ಸಾಲ ತೀರಿಸುತ್ತೆ. ರಾತ್ರಿ ನಾಟಕ, ಮೊಹರಂ ಮೆರವಣಿಗೆ, ಶಾಲೆಯ ಗ್ಯಾದರಿಂಗ್ ತೆಗೆಯುವವರಿಗೂ ಇದೇ ಮಾತು.

ನಮಗೆ ಅದು ವರ್ಷಕ್ಕೆ ಎಷ್ಟು ಸಲ ಬರುತ್ತೆ? ಅಕ್ಕನ ಮದುವೆ, ಗೆಳೆಯನ ಮದುವೆ, ಒಂದು ಜಾತ್ರೆ. ಹತ್ತು ದಿನ ಅನ್ನಿ. ಬಾಡಿಗೆ ದಿನಕ್ಕೆ ಸಾವಿರದಿಂದ ಸಾವಿರದೈನೂರು. ವರ್ಷಕ್ಕೆ ಹದಿನೈದು ಸಾವಿರ ಮೀರಲ್ಲ. ಹತ್ತು ವರ್ಷ ಬಾಡಿಗೆ ಕೊಟ್ಟರೆ ಲೆನ್ಸಿನ ಬೆಲೆ. ಅಷ್ಟರಲ್ಲಿ ನಿಮ್ಮ ಬಾಡಿ ಬದಲಾಗಿ, ಮೌಂಟೂ ಬದಲಾಗಿರುತ್ತೆ. ಕ್ಯಾನನ್ ಈಗಾಗಲೇ ಮಿರರ್‌ಲೆಸ್‌ಗೆ ಹೊಸ ಆರ್‌ಎಫ್ ಮೌಂಟಿನಲ್ಲಿ ಇದೇ 70-200 ಎಫ್/2.8 ತಂದಿದೆ, 1070 ಗ್ರಾಂ.

ಇಲ್ಲಿ ಒಂದು ಒಳ್ಳೇ ಎದುರುವಾದ ಇದೆ, ಅದನ್ನ ಮುಚ್ಚಿಡಬಾರದು. ಒಳ್ಳೇ ಲೆನ್ಸ್ ಮೊಬೈಲ್ ಥರ ಅಲ್ಲ, ಮಾರಿದ್ರೆ ದುಡ್ಡು ವಾಪಸ್ ಬರುತ್ತೆ. ಸೆಕೆಂಡ್‌ಹ್ಯಾಂಡ್ ತಗೊಂಡು ಎರಡು ವರ್ಷ ಬಳಸಿ ಮಾರಿದ್ರೆ ಬಾಡಿಗೆಗಿಂತ ಅಗ್ಗ ಬೀಳಬಹುದು. ನಿಜ. ಅಷ್ಟು ಶಿಸ್ತು ಇರುವವರು ಹಾಗೇ ಮಾಡಿ. ಆದರೆ ಮಾರ್ತೀನಿ ಅಂತ ತಗೊಂಡ ಲೆನ್ಸುಗಳಲ್ಲಿ ಎಷ್ಟು ಬೀರುವಿನಲ್ಲಿ ಸಿಲಿಕಾ ಜೆಲ್ ಪಕ್ಕ ಮಲಗಿವೆ ಅಂತ ನಿಮ್ಮ ಗೆಳೆಯರ ಮನೆಯಲ್ಲಿ ಒಂದು ಸುತ್ತು ನೋಡಿ ಬನ್ನಿ. ಬಿಳಿ ಲೆನ್ಸನ್ನ ಮಾರೋದು ಕಷ್ಟ, ಯಾಕಂದ್ರೆ ಅದು ಫೋಟೋ ತೆಗೆಯೋ ಸಾಮಾನು ಮಾತ್ರ ಅಲ್ಲ, ನಾನೂ ಒಬ್ಬ ಫೋಟೋಗ್ರಾಫರ್ ಅನ್ನೋ ಐಡಿ ಕಾರ್ಡು.

ಕೊಳ್ಳೋ ಮುಂಚೆ ಒಂದು ಕೆಲಸ ಮಾಡಿ. ಕಳೆದ ಎರಡು ವರ್ಷದ ನಿಮ್ಮ ಫೋಟೋಗಳನ್ನ ತೆಗೆದು, ಕೆಟ್ಟದ್ದು ಯಾಕೆ ಕೆಟ್ಟಿತು ಅಂತ ನೋಡಿ. ಅಪರ್ಚರ್, ಶಟರ್, ಫೋಕಲ್ ಲೆಂತ್ ಎಲ್ಲ ಫೈಲಿನೊಳಗೇ ಬರೆದಿರುತ್ತೆ. ಅಲುಗಾಡಿ ಕೆಟ್ಟಿತಾ, ಕತ್ತಲಿಗೆ ಕೆಟ್ಟಿತಾ, ದೂರಕ್ಕೆ ಕೆಟ್ಟಿತಾ? ಅಥವಾ ತಡವಾಗಿ ಎದ್ದಿದ್ದಕ್ಕಾ, ಹತ್ತಿರ ಹೋಗೋಕೆ ಸಂಕೋಚ ಆಗಿದ್ದಕ್ಕಾ? ಬಾಡಿಗೆಗೆ ತಂದ ಎಫ್/2.8ರಲ್ಲಿ ನಾನು ತೆಗೆದ ಫೋಟೋಗಳನ್ನ ಹೀಗೆ ನೋಡಿದೆ. ನಾನು ಉಳಿಸಿಕೊಂಡವುಗಳಲ್ಲಿ ಹೆಚ್ಚಿನವು ಎಫ್/5.6, ಎಫ್/8ರಲ್ಲಿ ತೆಗೆದವು. ಮದುವೆಯವನ್ನ ಬಿಟ್ಟರೆ, ಕಿಟ್ ಲೆನ್ಸಿಗೂ 55-250ಕ್ಕೂ ದಕ್ಕಬಹುದಾಗಿದ್ದವು.

ಹಾಗಾಗಿ ತೀರ್ಪು. ಲೆನ್ಸ್ ಅದ್ಭುತ, ಮದುವೆ, ವೇದಿಕೆ, ವರದಿಗಾರಿಕೆಯಿಂದ ದುಡಿಯುವವರಿಗೆ ಒಂದೂವರೆ ಲಕ್ಷ ಹೆಚ್ಚಲ್ಲ. ಧೂಳಿನ ಚಿಂತೆ, ಒಳ್ಳೇ ಝೂಮಿನ ಆಸೆ ಎರಡೂ ಇದ್ದವರಿಗೆ ಎಫ್/4 ಐಎಸ್ ಸಾಕು, ಅದೂ ಸೆಕೆಂಡ್‌ಹ್ಯಾಂಡ್. ವೀಕೆಂಡಿಗೆ ಊರಿಗೆ ಹೋಗೋ ನನ್ನಂಥವರಿಗೆ 50 ಎಂಎಂ, 10-18, 55-250, ಒಂದು ಟ್ರೈಪಾಡ್. ಎಲ್ಲ ಸೇರಿ ಅರವತ್ತು ಸಾವಿರದೊಳಗೆ. ನಾನು ಬಿಳಿ ಲೆನ್ಸ್ ಕೊಳ್ಳಲ್ಲ. ಮದುವೆ ಬಂದಾಗ ಬಾಡಿಗೆಗೆ ತರ್ತೀನಿ.

ಉಳಿದ ತೊಂಬತ್ತು ಸಾವಿರಕ್ಕೆ ಎಷ್ಟು ಸಲ ವಾಡಿಗೆ ಟಿಕೆಟ್ ಬರುತ್ತೆ ಅಂತ ಲೆಕ್ಕ ಹಾಕಿ. ಒಂದೊಂದು ಸಲಕ್ಕೂ ಒಂದೊಂದು ಪೂರ್ತಿ ಸಂಜೆ ಸಿಗುತ್ತೆ.